ನಮ್ಮ ನೀರಿನ ಕಾವಲುಗಾರ

ನನ್ನ ಸೋದರಮಾವನಿಗೆ ಅನುಮಾನ ಹುಟ್ಟಿನಿಂದ ಬಂದದ್ದಲ್ಲ. ನಮ್ಮ ಪುರಸಭೆಯನ್ನು ಪಕ್ಕದ ಮಹಾನಗರಕ್ಕೆ ಸೇರಿಸಿದ ವರ್ಷ ಅಂಟಿಕೊಂಡದ್ದು. ಅಲ್ಲಿಯವರೆಗೆ ಅವನು ಪುರಸಭೆಯ ನೀರುಗಂಟಿ. ಯಾವ ಬೀದಿಗೆ ಯಾವಾಗ ನೀರು ಬಿಡಬೇಕೆನ್ನುವುದು ಅವನ ಕೈಯಲ್ಲಿತ್ತು.

ಊರು ರಾತ್ರಿ ಬೆಳಗಾಗುವುದರೊಳಗೆ ಬಡಾವಣೆಯಾಯಿತು. ಪುರಸಭೆಯ ಗೋಡೆ ಗಡಿಯಾರ, ಅಧ್ಯಕ್ಷರ ದೊಡ್ಡ ಕುರ್ಚಿ ಎರಡೂ ಲಾರಿ ಹತ್ತಿ ಹೋದವು. ರಿಪೇರಿಗೆ ಎಂದರು, ವಾಪಸ್ ಬರಲಿಲ್ಲ. ಕುರ್ಚಿಗೆಂಥ ರಿಪೇರಿ ಎಂದು ಮಾವ ಕಂಡವರನ್ನೆಲ್ಲ ಕೇಳಿದ. ಕುರ್ಚಿ ಹೊತ್ತವರು ನಾಳೆ ನೀರನ್ನೂ ಹೊತ್ತೊಯ್ಯುತ್ತಾರೆ ಎಂದು ಅಂದೇ ತೀರ್ಮಾನಿಸಿದ. ನಾನೂ ಒಪ್ಪಿದೆ. ನಮ್ಮೂರಲ್ಲಿ ಒಪ್ಪದವರು ಯಾರಿದ್ದರು?

ಅವನ ಕಣ್ಣಿನಿಂದ ಪಾರಾದವರು ಕಡಿಮೆ. ಮೀಟರ್ ಓದಲು ಬಂದವನು ಗೂಢಚಾರ. ರಸ್ತೆಗೆ ಡಾಂಬರು ಹಾಕಿದರೆ ಅದರಡಿ ಏನೋ ಮುಚ್ಚಿಟ್ಟಿದ್ದಾರೆ. ಅತ್ತೆ ಚಹಾಕ್ಕೆ ಹಾಲು ಕಡಿಮೆ ಹಾಕಿದರೆ ಅದರಲ್ಲೂ ನಗರದವರ ಕೈವಾಡ. ಅವನು ಕಣ್ಣುಮುಚ್ಚಿ ನಂಬುತ್ತಿದ್ದುದು ಅಕ್ಕನನ್ನು, ಅಂದರೆ ನನ್ನ ಅಮ್ಮನನ್ನು ಮಾತ್ರ. ಅಮ್ಮನಿಗೂ ಅಷ್ಟೇ, ತಮ್ಮ ಹೇಳಿದರೆ ಮುಗಿಯಿತು. ಮೇಲಿನ ಬೀದಿಯ ನಮ್ಮ ಮನೆಯ ನಲ್ಲಿ ಬತ್ತುತ್ತ ಬಂದಾಗ, ನಮ್ಮೂರ ಟ್ಯಾಂಕಿನ ನೀರನ್ನು ನಗರದವರು ಎಳೆದುಕೊಳ್ಳುತ್ತಿದ್ದಾರೆ ಎಂದ. ಅಮ್ಮ ಮಂಡಿನೋವಿನಲ್ಲೇ ಕೆಳಗಿನ ಬೀದಿಯಿಂದ ಕೊಡ ಹೊರತೊಡಗಿದಳು. ನಾನು ಹೊರುತ್ತೇನೆಂದರೆ ಅರ್ಧ ಚೆಲ್ಲುತ್ತೀಯ ಎನ್ನುತ್ತಿದ್ದಳು. ಕೊಡಕ್ಕೊಂದು ಶಾಪ ಮಹಾನಗರಕ್ಕೆ.

ಮಾವ ಕೈಕಟ್ಟಿ ಕೂರುವ ಆಸಾಮಿಯಲ್ಲ. ನಿವೃತ್ತನಾದರೂ ವಾಲ್ವು ತಿರುಗಿಸುವ ಉದ್ದನೆಯ ಕಬ್ಬಿಣದ ಕೀಲಿಯನ್ನು ವಾಪಸ್ ಕೊಡದೆ ಮಂಚದಡಿ ಇಟ್ಟುಕೊಂಡಿದ್ದ. ಹಳೆಯ ಗಡಿಕಲ್ಲಿನ ಪಕ್ಕದಲ್ಲಿ ನಗರದ ಕೊಳವೆ ನಮ್ಮ ಕೊಳವೆಗೆ ಸೇರುತ್ತಿತ್ತು, ಅಲ್ಲೊಂದು ವಾಲ್ವು. ನಮ್ಮ ನೀರು ಆಚೆ ಹರಿಯದಿರಲೆಂದು ಸಂಜೆಯ ತಿರುಗಾಟದಲ್ಲಿ ಅದನ್ನು ಬಿಗಿ ಮಾಡಿ ಬರುವುದು ಅವನ ನೇಮ. ನಗರದವರು ಸಡಿಲಿಸಿದರೆ ಇವನು ಮತ್ತೆ ಬಿಗಿ ಮಾಡುತ್ತಿದ್ದ. ಸಿಕ್ಕಿಬಿದ್ದೇನೆಂದು ಪೂರ್ತಿ ಮಾತ್ರ ಮುಚ್ಚುತ್ತಿರಲಿಲ್ಲ. ಈ ಗುಟ್ಟು ಗೊತ್ತಿದ್ದದ್ದು ಅಮ್ಮನಿಗೆ ಮತ್ತು ನನಗೆ.

ಕಳೆದ ಬೇಸಿಗೆಯಲ್ಲಿ ಗಡಿಕಲ್ಲಿನ ಬಳಿ ಕೊಳವೆ ಒಡೆಯಿತು. ನಗರದ ಫಿಟ್ಟರ್ ಗುಂಡಿ ತೋಡಿಸಿ ಒಡೆದ ತುಂಡನ್ನು ಕತ್ತರಿಸಿ ತೆಗೆದ. ಕಳ್ಳತನವನ್ನು ಕಣ್ಣಾರೆ ನೋಡಬೇಕೆಂದು ಮಾವ ನನ್ನನ್ನೂ ಎಳೆದುಕೊಂಡು ಹೋದ. ಫಿಟ್ಟರ್ ಕೆಸರು ತೊಳೆಯಲೆಂದು ವಾಲ್ವು ತೆರೆದ. ನಗರದ ಕಡೆಯ ಕೊಳವೆಯಿಂದ ನೀರು ಭೋರೆಂದು ನುಗ್ಗಿತು. ನಮ್ಮ ಕಡೆಯದ್ದರಲ್ಲಿ ಒಂದು ತೊಟ್ಟೂ ಇರಲಿಲ್ಲ.

ನಮ್ಮ ಟ್ಯಾಂಕಿನ ನೀರೆಲ್ಲಿ ಎಂದು ಮಾವ ಗದರಿದ.

"ಯಜಮಾನ್ರೇ, ಆ ಟ್ಯಾಂಕಲ್ಲಿ ಈಗ ಪಾರಿವಾಳ ಇವೆ. ನಿಮ್ಮ ಬೋರು ಬತ್ತಿ ಎಷ್ಟೋ ಕಾಲ ಆಯ್ತು. ನಿಮಗೆ ನೀರು ಬರೋದೇ ಈ ಕಡೆಯಿಂದ. ಯಾವನೋ ಪುಣ್ಯಾತ್ಮ ವಾಲ್ವು ಬಿಗಿ ಮಾಡ್ತಾನೇ ಇರ್ತಾನೆ, ಎತ್ತರದ ಮನೆಗಳಿಗೆ ನೀರು ಏರೋದೇ ಇಲ್ಲ."

ಮಾವ ಫಿಟ್ಟರನ ಮುಖವನ್ನೇ ದಿಟ್ಟಿಸಿದ, ಎಲ್ಲಾದರೂ ಸುಳ್ಳು ಸಿಕ್ಕೀತೇ ಎಂದು. ಸಿಗಲಿಲ್ಲ. ಬೇರೆ ದಿನವಾಗಿದ್ದರೆ ನನಗೆ ನಗು ಬರುತ್ತಿತ್ತು. ಅಮ್ಮನ ಮಂಡಿ ನೆನಪಾಗಿ ಮೈಯೆಲ್ಲ ಉರಿಯಿತು.

ಕೊಳವೆ ಜೋಡಿಸಿ ವಾಲ್ವನ್ನು ಪೂರ್ತಿ ತೆರೆದರು. ಆ ಸಂಜೆ ನಮ್ಮ ನಲ್ಲಿ ಕೆಮ್ಮಿತು, ಕೆಂಪು ನೀರು ಕಾರಿತು, ಆಮೇಲೆ ಧಾರಾಕಾರವಾಗಿ ಸುರಿಯಿತು. ಅಮ್ಮನ ಹುಬ್ಬು ಗಂಟಿಕ್ಕಿತು. ಹಿತ್ತಲ ಬಾಗಿಲಲ್ಲಿ ನಿಂತಿದ್ದ ತಮ್ಮನ ಕಡೆ ತಿರುಗಿದಳು.

"ಇಷ್ಟೊಂದು ನೀರು ಸುಮ್ನೆ ಯಾಕೆ ಬಿಡ್ತಾರೆ? ಇದರಲ್ಲೇನೋ ಇದೆ. ಹೋಗಿ ವಾಲ್ವು ಬಿಗಿ ಮಾಡಿ ಬಾ."

ಮಾವ ಗುಂಡಿಯಲ್ಲಿ ಕಂಡದ್ದನ್ನೆಲ್ಲ ಹೇಳಿದ, ಏನನ್ನೂ ಮುಚ್ಚಿಡಲಿಲ್ಲ. "ಇಷ್ಟು ವರ್ಷ ನಿನ್ನ ನೀರು ನಿಲ್ಲಿಸಿದ್ದು ನಾನೇ ಅಕ್ಕ" ಎನ್ನುವಾಗ ಅವನ ದನಿ ಒಡೆಯಿತು. ಅವನನ್ನು ಹಾಗೆ ನೋಡಿ ನನ್ನ ಸಿಟ್ಟೂ ಇಳಿಯಿತು.

ಅಮ್ಮ ನಲ್ಲಿ ತಿರುಗಿಸಿ ನೀರು ನಿಲ್ಲಿಸಿದಳು. ಮೀಟರಿನವನನ್ನು ಮಾವ ನೋಡುತ್ತಿದ್ದ ಹಾಗೆಯೇ ತಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನಿನ್ನನ್ನೂ ಅವರ ಕಡೆ ಎಳ್ಕೊಂಡ್ರಾ?"

ಖಾಲಿ ಕೊಡವನ್ನು ಸೊಂಟಕ್ಕೇರಿಸಿಕೊಂಡು ಕೆಳಗಿನ ಬೀದಿಯ ಮೆಟ್ಟಿಲು ಇಳಿಯತೊಡಗಿದಳು. ಮಾವ ಹಿಂದೆಯೇ ಓಡಿ ಕೊಡಕ್ಕೆ ಕೈ ಹಾಕಿದ. ಅವಳು ಬಿಡಲಿಲ್ಲ.