ಸೋತವರು ಹಾಸಿಗೆ ಒಣಗಿಸಬೇಕು

ಜಪಾನಿನ ಇಚಿಕಾವಾ ಊರಿನ ಮೂರನೆಯ ಮಹಡಿಯ ಮನೆಯಲ್ಲಿ ಆ ಬೆಳಿಗ್ಗೆಯೂ ಕೋಕಿಲಾ ಗಂಡನೊಂದಿಗೆ ಟೀವಿ ಮುಂದೆ ಕಚ್ಚಾಡಿದಳು. ಅಲ್ಲಿನ ಆಳುವ ಪಕ್ಷಕ್ಕೆ ಹೊಸ ಅಧ್ಯಕ್ಷ ಬೇಕಾಗಿತ್ತು. ಇಬ್ಬರಿಗೂ ವೋಟಿರಲಿಲ್ಲ. ಏಳನೇ ಕ್ಲಾಸಿಗೇ ಓದು ಬಿಟ್ಟ ಕೋಕಿಲಾಗೆ ಅಲ್ಲಿನ ಭಾಷೆಯಲ್ಲಿ ಬರುತ್ತಿದ್ದದ್ದು ‘ಕ್ಷಮಿಸಿ’ ಎನ್ನುವ ‘ಸುಮಿಮಾಸೆನ್’ ಒಂದೇ. ಆದರೂ ಅಭಿಪ್ರಾಯಕ್ಕೆ ಬರವಿರಲಿಲ್ಲ.

“ದಪ್ಪ ಕನ್ನಡಕದವರೇ ಗೆಲ್ಲೋದು ಕಣೇ. ಎಂಪಿಗಳೆಲ್ಲ ಅವರ ಕಡೆ,” ಎಂದ, ಎರಡು ಸಾವಿರದ ಇಸವಿ ಹೊತ್ತಿಗೆ ಕಂಪ್ಯೂಟರುಗಳ ತಾರೀಖು ಸರಿಪಡಿಸುವ ವೈಟುಕೆ ಕೆಲಸಕ್ಕೆಂದು ಬಂದು ಅಲ್ಲೇ ಉಳಿದಿದ್ದ ಲಿಂಗರಾಜು.

“ಬಗ್ಗಿ ನಮಸ್ಕಾರ ಮಾಡುವಾಗಲೂ ವಾಚ್ ನೋಡ್ತಾನ್ರೀ ಅವನು! ಊರೂರಿನ ಪಕ್ಷದೋರು ಮೊದಲು ವೋಟ್ ಹಾಕ್ಬೇಕಲ್ಲ? ಅವರು ಬೋಳುತಲೆಯವನಿಗೇ ಹಾಕೋದು.”

“ಬಂದ್ಲಪ್ಪ ಎಕ್ಸ್‌ಪರ್ಟ್! ಬೆಟ್?”

“ಬೆಟ್. ಸೋತವರು ಒಂದು ತಿಂಗಳು ಹಾಸಿಗೆ ಒಣಗಿಸಬೇಕು.”

ನೆಲದ ಹಾಸಿಗೆಗಳನ್ನು ದಿನಾ ಬಾಲ್ಕನಿಗೆ ಹಾಕಿ ಬಡಿಯುವುದೆಂದರೆ ಅವಳಿಗೆ ಆಗುತ್ತಿರಲಿಲ್ಲ. ಲಿಂಗರಾಜು ನಗುತ್ತಲೇ ಶೂ ಹಾಕಿಕೊಂಡು ಹೋದ. ಮಧ್ಯಾಹ್ನ ಆಫೀಸಿನಲ್ಲಿ ಎದೆ ಹಿಡಿದುಕೊಂಡು ಕುಸಿದವನು ಮತ್ತೆ ಏಳಲಿಲ್ಲ.

ಒಂಬತ್ತನೆಯ ದಿನ ಬೋಳುತಲೆಯವನು ಗೆದ್ದ. ಸಮಾಧಾನ ಹೇಳಲು ಬಂದವರ ನಡುವೆ ಕೂತಿದ್ದ ಕೋಕಿಲಾ ಟೀವಿ ನೋಡಿ, “ರೀ, ಗೆದ್ದೆ!” ಎಂದು ಕೂಗಿ ಗಂಡನ ಫೋಟೋದ ಕಡೆ ತಿರುಗಿದಳು. ಬಂದವರು ಇವಳಿಗೆ ತಲೆ ಕೆಟ್ಟಿತೆಂದುಕೊಂಡರು. ಅವಳಿಗೂ ಹಾಗೇ ಅನ್ನಿಸಿತು. ಯಾರದೋ ದೇಶ, ಯಾರದೋ ಪಕ್ಷ. ಅದರಲ್ಲಿ ಗೆದ್ದೆನೆಂದು ಕೂಗಿದ ಮೊದಲ ವಿಧವೆ ತಾನೇ ಇರಬೇಕು.

ಆ ತಿಂಗಳು ಕಳೆದು ವರ್ಷವಾಯಿತು. ಈಗಲೂ ಬೆಳಗಾದರೆ ಅವಳು ಎರಡೂ ಹಾಸಿಗೆಗಳನ್ನು ಬಾಲ್ಕನಿಗೆ ಹಾಕಿ ಬಡಿಯುತ್ತಾಳೆ. ಯಾರೂ ಮಲಗದ ಅವನ ಹಾಸಿಗೆಗೆ ನಾಲ್ಕು ಏಟು ಜಾಸ್ತಿ.

“ಸೋತವರು ನೀವು, ಒಣಗಿಸೋಳು ನಾನು.”