ಹೂವಿನ ಎಣ್ಣೆ ಭಾಗ

ನಾನು ಹುಟ್ಟಿದ್ದು ಮಳವಳ್ಳಿ ಕಡೆ, ಮದುವೆಯಾಗಿ ಬಂದದ್ದು ಮದ್ದೂರಿಗೆ, ವಿಜ್ಞಾನ ಪಾಠ ಮಾಡುವುದು ಅದೇ ತಾಲೂಕಿನ ಕೊಪ್ಪದ ಹತ್ತಿರದ ಒಂದು ಹೈಸ್ಕೂಲಿನಲ್ಲಿ. ಈ ಮೂರು ಕಡೆಯಲ್ಲೂ 'ಹ' ಅಕ್ಷರಕ್ಕೆ ಅಂಥ ಮರ್ಯಾದೆ ಇಲ್ಲ. ಬರೆಯುವಾಗ ಬರೆಯುತ್ತೇವೆ, ಮಾತಾಡುವಾಗ ಬಿಟ್ಟುಬಿಡುತ್ತೇವೆ. ಇದರಿಂದ ನನಗೇನೂ ತೊಂದರೆಯಾಗಿರಲಿಲ್ಲ, ಆ ಹುಡುಗಿ ನನ್ನ ಹತ್ತನೇ ಕ್ಲಾಸಿಗೆ ಬರುವವರೆಗೆ.

ಅವಳಿಗೆ ಹುಟ್ಟಿನಿಂದಲೇ ಕಿವಿ ಕೇಳಿಸುವುದು ತೀರಾ ಕಡಿಮೆ. ಕಿವಿಗೆ ಮಿಷನ್ನು ಹಾಕಿಕೊಂಡರೂ ಸದ್ದು ತಿಳಿಯುತ್ತಿತ್ತೇ ಹೊರತು ಮಾತು ತಿಳಿಯುತ್ತಿರಲಿಲ್ಲ. ಎದುರಿಗಿದ್ದವರ ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಿದ್ದಳು. ಓದುವ ಹುಚ್ಚು ವಿಪರೀತ. ಕನ್ನಡವನ್ನು ಹೆಚ್ಚಾಗಿ ಪುಸ್ತಕದಿಂದಲೇ ಕಲಿತವಳಾದ್ದರಿಂದ ಮಾತು ತುಸು ತೊದಲಿದರೂ ಅಚ್ಚಾದ ಪುಟದಷ್ಟು ಶುದ್ಧವಾಗಿತ್ತು.

ಗೆಜ್ಜಲಗೆರೆಯ ಫ್ಯಾಕ್ಟರಿಗೆ ಹೋಗುವ ಅವಳ ಅಮ್ಮ ಒಂದು ದಿನ ರಜಾ ಹಾಕಿ ಸ್ಕೂಲಿಗೆ ಬಂದರು.

"ಮೇಡಂ, ನೀವು ಬೋರ್ಡ್ ಕಡೀಕೆ ತಿರಿಕಂಡು ಪಾಠ ಮಾಡ್ತೀರಂತೆ. ನಮ್ ಮಗೀಗೆ ನಿಮ್ ಜಡೆ ಒಂದೇ ಕಾಣ್ತದಂತೆ. ಜಡೆ ನೋಡ್ಕಂಡು ಅದೇನ್ ಕಲ್ತಾಳು, ಯೋಳಿ?"

ಅವರು ಹೇಳಿದ್ದು ನಿಜ. ಚಿತ್ರ ಬರೆಯುತ್ತಾ ವಿವರಿಸುವುದು ನನ್ನ ಹಳೇ ಅಭ್ಯಾಸ. ಕೊನೆಗೆ ಪಾಠವನ್ನೇ ವಿಡಿಯೋ ಮಾಡಿ, ಕೆಳಗೆ ಅಕ್ಷರ ಬರುವಂತೆ ಮಾಡೋಣ ಎಂದುಕೊಂಡೆ. ಆಡಿದ ಮಾತನ್ನು ತಾನೇ ಕನ್ನಡದಲ್ಲಿ ಬರೆದುಕೊಡುವ ಆ್ಯಪ್ ಫೋನಿನಲ್ಲಿತ್ತು. ಇಡೀ ಕ್ಲಾಸು ಸ್ಕೂಲಿನ ಟೀವಿಯಲ್ಲಿ ನೋಡಬಹುದು, ಅವಳು ಮನೆಯಲ್ಲಿ ಇನ್ನೊಮ್ಮೆ ನೋಡಬಹುದು.

ಭಾನುವಾರ ಹಿತ್ತಲಲ್ಲಿ ನಿಂತು ದಾಸವಾಳ ಬಿಡಿಸಿ ತೋರಿಸುತ್ತಾ ಮೊದಲನೇ ಪಾಠ ಮುಗಿಸಿದೆ. ಅಕ್ಷರ ಬಂದಿದ್ದೇ ಹೆಚ್ಚು ಎಂಬ ಖುಷಿಯಲ್ಲಿ ಅದನ್ನು ಓದಿ ನೋಡಲಿಲ್ಲ. ಸೋಮವಾರ ಪಾಠ ಮುಗಿದ ಮೇಲೆ ಹುಡುಗಿ ಪುಸ್ತಕ ಹಿಡಿದು ಬಂದಳು.

"ಮಿಸ್, ಹೂವಿನ ಎಣ್ಣೆ ಭಾಗ ಎಂದರೆ ಯಾವುದು? ಪುಸ್ತಕದಲ್ಲಿ ಇಲ್ಲವಲ್ಲ?"

ನಾನು ಹೇಳಿದ್ದು ಹೆಣ್ಣು ಭಾಗ. ಬಾಯಿಂದ ಬಂದದ್ದು 'ಎಣ್ಣು'. ಆ್ಯಪು ಪಾಪ ತನಗೆ ತಿಳಿದಂತೆ ಎಣ್ಣೆ ಸುರಿದಿತ್ತು. ಮುಂದಿನ ಪಾಠಗಳಲ್ಲಿ ಎಚ್ಚರದಿಂದಲೇ ಮಾತಾಡಿದೆ. ಆದರೂ ನಿಂಬೆಹಣ್ಣು 'ನಿಂಬೆ ಅಣ್ಣ' ಆಯಿತು, ಶಾಖ 'ಸಾಕು' ಆಯಿತು. ಸಾಕು ಕೊಟ್ಟರೆ ಲೋಹ ಹಿಗ್ಗುತ್ತದೆ ಎಂದು ನಾನು ಮಕ್ಕಳಿಗೆ ಕಲಿಸಿದ್ದೆ. ಸ್ಟಾಫ್ ರೂಮಿನಲ್ಲಿ ಕನ್ನಡ ಮೇಷ್ಟ್ರು, "ಏನ್ ಮೇಡಂ, ನಿಂಬೆ ಅಣ್ಣಾವ್ರು ಚೆನ್ನಾಗವ್ರಾ?" ಎಂದು ವಿಚಾರಿಸಿಕೊಂಡರು.

ಆಮೇಲೆ ಆ್ಯಪ್ ಬಿಟ್ಟು ಕೈಯಲ್ಲೇ ಟೈಪ್ ಮಾಡತೊಡಗಿದೆ. ನನ್ನ ಮಾತನ್ನು ನಾನೇ ಕೇಳಿಸಿಕೊಂಡು ಬರೆಯುವುದು ಅಷ್ಟೇನೂ ಸುಖದ ಕೆಲಸವಲ್ಲ. ಒಂದು ವಾಕ್ಯ ಮುಗಿಸದೆ ಇನ್ನೊಂದಕ್ಕೆ ಹಾರುತ್ತೇನೆಂದು ನನ್ನ ಗಂಡ ಹೇಳುತ್ತಿದ್ದದ್ದು ನಿಜವೆಂದು ಆಗ ಗೊತ್ತಾಯಿತು. ಅವರಿಗೆ ಹೇಳಲಿಲ್ಲ.

ಒಂದು ಭಾನುವಾರ ಆಮ್ಲದ ಪಾಠದ ನಡುವೆ ಹಿಂದಿನಿಂದ ಅತ್ತೆಯ ದನಿ ಬಂತು. "ಎಮ್ಮೆಗೆ ಉಲ್ ಆಕ್ದೇನಮ್ಮಿ, ಇಲ್ಲಾ ಬೆಳಗ್ಗಿಂದ ಆ ಪೋನಿಗೇ ಪಾಠ ಯೋಳ್ತಾ ನಿಂತಿದ್ದೀಯಾ?"

ಮತ್ತೆ ರೆಕಾರ್ಡ್ ಮಾಡಲು ಬೇಸರವಾಗಿ ಹಾಗೇ ಬಿಟ್ಟು, ನನ್ನ ಪಾಠಕ್ಕೆ ಮಾತ್ರ ಅಕ್ಷರ ಹಾಕಿದೆ. ಕ್ಲಾಸಿನಲ್ಲಿ ಆ ಜಾಗ ಬಂದಾಗ ಮಕ್ಕಳು ಬೆಂಚು ತಟ್ಟಿಕೊಂಡು ನಕ್ಕರು. ಹುಡುಗಿ ಒಮ್ಮೆ ಟೀವಿ ನೋಡಿದಳು, ಒಮ್ಮೆ ಪಕ್ಕದವರ ಮುಖ ನೋಡಿದಳು. ಗಂಟೆ ಹೊಡೆದ ಮೇಲೆ ನನ್ನ ಮೇಜಿನ ಹತ್ತಿರ ಬಂದಳು.

"ಎಲ್ಲರೂ ಯಾಕೆ ನಕ್ಕರು, ಮಿಸ್?"

"ಏನಿಲ್ಲ ಬುಡಮ್ಮ. ನಮ್ಮತ್ತೆ ಏನೋ ಕೂಗಿದ್ರು. ಪಾಠಕ್ಕೆ ಸಂಬಂಧ ಇಲ್ಲ."

"ಅವರಿಗೆಲ್ಲ ಕೇಳಿಸಿತಲ್ಲ," ಎಂದಳು. "ನನಗೆ ಮಾತ್ರ ಯಾವಾಗಲೂ ಏನಿಲ್ಲ ಎನ್ನುತ್ತಾರೆ. ಮನೆಯಲ್ಲೂ ಅಷ್ಟೇ."

ಆವತ್ತು ಸಂಜೆ ಕೂತು ಅತ್ತೆಯ ಮಾತನ್ನೂ ಸೇರಿಸಿದೆ. ಮೊದಲು 'ಹುಲ್ಲು ಹಾಕಿದೆಯಾ' ಎಂದು ತಿದ್ದಿ ಬರೆದೆ. ಓದಿದರೆ ಅದು ನಮ್ಮತ್ತೆಯೇ ಅಲ್ಲ, ಯಾರೋ ಸಭ್ಯ ಹೆಂಗಸು. ಅಳಿಸಿ, ಅವರು ಕೂಗಿದಂತೆಯೇ ಹಾಕಿದೆ.

ಮಾರನೇ ದಿನ ಅವಳು ಅದನ್ನು ಓದಿ ಒಬ್ಬಳೇ ಜೋರಾಗಿ ನಕ್ಕಳು. ಆಮೇಲೆ ಕೇಳಿದಳು: "ನಿಮ್ಮ ಅತ್ತೆಯವರು ನಿಜವಾಗಿಯೂ ಹೀಗೆ ಮಾತಾಡುತ್ತಾರೆಯೇ?"

"ನಾನೂ ಇಂಗೇ ಮಾತಾಡೋದು ಕಣಮ್ಮ."

"ನಮ್ಮ ಅಮ್ಮ?"

"ಅವರೂ ಇಂಗೇಯ."

ಅವಳು ಬೆರಗಾಗಿ ನೋಡಿದಳು. 'ಹ' ತುಟಿಯ ಮೇಲೆ ಕಾಣುವ ಅಕ್ಷರವಲ್ಲ. ಇಷ್ಟು ವರ್ಷ ನಮ್ಮೆಲ್ಲರ ಮಾತಿಗೂ ಅವಳೇ 'ಹ' ಸೇರಿಸಿ ಓದಿಕೊಂಡಿದ್ದಳು. ಊರಿನವರ ಬಗ್ಗೆ ಅಷ್ಟು ಒಳ್ಳೆಯ ಅಭಿಪ್ರಾಯ ಇನ್ಯಾರಿಗೂ ಇರಲಿಕ್ಕಿಲ್ಲ.

ತಮ್ಮ ಮಾತು ಟೀವಿಯಲ್ಲಿ ಅಕ್ಷರವಾಗಿ ಬರುತ್ತದೆಂದು ತಿಳಿದ ಮೇಲೆ ಅತ್ತೆ ಭಾನುವಾರ ಸೀರೆ ಬದಲಾಯಿಸಿಕೊಂಡು ಹಿತ್ತಲಿಗೆ ಬರತೊಡಗಿದರು. ಪಾಠದ ನಡುವೆ ಒಂದಲ್ಲ ಒಂದು ಕೆಲಸ ನೆನಪಿಸುವರು. "ಇದ್ನೂ ಬರ್ದ್ಯಾ?" ಎಂದು ಕೊನೆಗೆ ಕೇಳುವರು. ಎಲ್ಲವನ್ನೂ ಬರೆದೆ.

ಹುಡುಗಿ ಈಗ ಮಂಡ್ಯದಲ್ಲಿ ಪಿಯುಸಿ ಓದುತ್ತಿದ್ದಾಳೆ. ಕಾಲೇಜು ಶುರುವಾದ ಹೊಸತರಲ್ಲಿ ಅಲ್ಲಿನ ಕೆಮಿಸ್ಟ್ರಿ ಲೆಕ್ಚರರ್ ಫೋನ್ ಮಾಡಿದರು.

"ಮೇಡಂ, ನಿಮ್ ಸ್ಟೂಡೆಂಟು ವಿಡಿಯೋಗೆಲ್ಲ ಅಕ್ಷರ ಹಾಕಿ ಅಂತಾಳೆ. ಸರಿ ಅಂದೆ. ಈಗ ನಾನ್ ಕೆಮ್ಮಿದ್ರೂ ಬರೀಬೇಕಂತೆ, ಹೌದಾ?"

"ಹೌದು ಸಾರ್. ಬರೀರಿ."

ಅವರು ಕೆಮ್ಮನ್ನು ಹೇಗೆ ಬರೆಯುವುದು ಎಂದು ಕೇಳಿದರು.