ಸ್ಪೋರ್ಟ್ಸ್ ಬೈಕಿಗೆ ಕೊಬ್ಬರಿ ಎಣ್ಣೆ

ಹೋದ ತಿಂಗಳು ಗುಬ್ಬಿಯಲ್ಲಿ ರೈಲ್ವೆ ಗೇಟ್ ಹಾಕಿತ್ತು. ಮುಂದೆ ತೆಂಗಿನಕಾಯಿ ತುಂಬಿದ ಟೆಂಪೋ ನಿಂತಿತ್ತು. ನಾನು ಬ್ರೇಕ್ ಒತ್ತಿದೆ. ಬೈಕ್ ತನಗೂ ಬ್ರೇಕಿಗೂ ಸಂಬಂಧವೇ ಇಲ್ಲ ಅನ್ನುವಂತೆ ಸೀದಾ ಹೋಗಿ ಟೆಂಪೋಗೆ ಗುದ್ದಿತು.

ನನಗೇನೂ ಆಗಲಿಲ್ಲ. (ಎರಡು ಕಾಯಿ ತಲೆ ಮೇಲೆ ಬಿದ್ದವು. ಪುಣ್ಯಕ್ಕೆ ಹೆಲ್ಮೆಟ್ ಇತ್ತು.) ಆದರೆ ಬೈಕಿನ ಮೂತಿ ಒಡೆದಿತ್ತು.

ಆ ಕೆಂಪು ಸ್ಪೋರ್ಟ್ಸ್ ಬೈಕನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡಾಗ ಹೆಂಡತಿ ಸುಧಾಗೆ "ಸ್ಕೂಟರ್‌ನಷ್ಟೇ ಖರ್ಚು ಕಣೇ" ಅಂದಿದ್ದೆ. ಶುದ್ಧ ಸುಳ್ಳು. ಸ್ಕೂಟರ್‌ಗೆ ಏನು ಬೇಕು? ಸ್ಟಾರ್ಟ್ ಆಗದಿದ್ದರೆ ಪಕ್ಕಕ್ಕೆ ಬಾಗಿಸಿದರೆ ಮುಗಿಯಿತು. ಇದಕ್ಕೆ ಇಂಜಿನ್ ಆಯಿಲ್ ಬೇರೆ, ಚೈನಿಗೆ ಸ್ಪ್ರೇ ಬೇರೆ. ಟೈರಿನ ಬೆಲೆ ಕೇಳಿದಾಗ ಎರಡಕ್ಕೆ ಅಂದುಕೊಂಡೆ. ಒಂದಕ್ಕಂತೆ. ತುಮಕೂರಿನ ಮೆಕ್ಯಾನಿಕ್ ನಯಾಜ್ "ಬೆಂಗ್ಳೂರಿಂದ ತರಿಸ್ಬೇಕು ಸಾರ್" ಅಂದಾಗೆಲ್ಲ ನಾನು ಪರ್ಸ್ ತೆರೆದು ನೋಟು ಎಣಿಸುತ್ತಿದ್ದೆ.

ಮೂರನೇ ಬಿಲ್ಲು ಸುಧಾ ಕೈಗೆ ಸಿಕ್ಕಿಬಿಟ್ಟಿತ್ತು. "ಇನ್ನೊಂದು ಬಿಲ್ಲು ಬಂದ್ರೆ ಕುಣಿಗಲ್‌ಗೆ ಕಳಿಸ್ಬಿಡ್ತೀನಿ" ಅಂದಿದ್ದಳು. ನನ್ನನ್ನಲ್ಲ, ಬೈಕನ್ನು. ಅಲ್ಲಿರುವ ಅವಳ ತಮ್ಮನಿಗೆ ಮೊದಲಿಂದಲೂ ಅದರ ಮೇಲೆ ಕಣ್ಣು.

ಮೂತಿ ಒಡೆದ ಬೈಕನ್ನು ಹೇಗೋ ಗ್ಯಾರೇಜಿಗೆ ಸಾಗಿಸಿದೆ. ನಯಾಜ್ ಬಗ್ಗಿ ಮುಂದಿನ ಚಕ್ರದ ಡಿಸ್ಕ್ ಮೇಲೆ ಬೆರಳಾಡಿಸಿದ, ಮೂಸಿದ. "ಇದಕ್ಕೆ ಕೊಬ್ರಿ ಎಣ್ಣೆ ಯಾರ್ ಸಾರ್ ಹಚ್ಚಿದ್ದು? ಬ್ರೇಕ್ ಪ್ಯಾಡೆಲ್ಲ ಕುಡ್ಕೊಂಡ್ಬುಟ್ಟದೆ. ಹೊಸದೇ ಹಾಕ್ಬೇಕು."

ಯಾರು ಅಂತ ನನಗೆ ಆಗಲೇ ಗೊತ್ತಾಯಿತು. ಹಿಂದಿನ ದಿನ ಆಯುಧಪೂಜೆ. ಬೈಕ್ ತೊಳೆದದ್ದು ನಾನು, ಪೂಜೆ ಮಾಡಿದ್ದು ಅಮ್ಮ. ಕುಡುಗೋಲು, ಮಚ್ಚು, ಈಳಿಗೆಮಣೆ ಎಲ್ಲಕ್ಕೂ ತುಕ್ಕು ಹಿಡಿಯದಿರಲಿ ಅಂತ ಎಣ್ಣೆ ಸವರಿ ವಿಭೂತಿ ಬಳಿಯುವುದು ನಮ್ಮ ಮನೆಯ ಪದ್ಧತಿ. ಬೈಕಿನಲ್ಲಿ ಡಿಸ್ಕ್ ಬಿಟ್ಟರೆ ಅಷ್ಟು ಹೊಳೆಯುವ ಕಬ್ಬಿಣ ಇನ್ನೆಲ್ಲಿದೆ?

ಅಮ್ಮನ ಹೆಸರು ಹೇಳಿದರೆ ಸುಧಾ ಸುಮ್ಮನಿರುತ್ತಾಳಾ? ಅತ್ತೆ ಸೊಸೆ ಮುನಿಸು ಬಿಟ್ಟು ಮಾತಾಡತೊಡಗಿ ಆಗಷ್ಟೇ ಒಂದು ವಾರವಾಗಿತ್ತು. "ಬ್ರೇಕ್ ಹಳೇದಾಗಿತ್ತು" ಅಂದೆ. ಸುಧಾ ಬಿಲ್ಲು ನೋಡಿದಳು. ಫೋನ್ ತೆಗೆದು ಕುಣಿಗಲ್‌ಗೆ ಡಯಲ್ ಮಾಡಿದಳು.

ಭಾನುವಾರ ಭಾಮೈದ ಹಾಜರ್. ಕೀ ಕೊಟ್ಟೆ. ಕಣ್ಣು ಮಂಜಾಯಿತು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಅಷ್ಟರಲ್ಲಿ ಅಮ್ಮ ಎಣ್ಣೆ ಬಟ್ಟಲು ಹಿಡಿದು ಹೊರಗೆ ಬಂದರು.

"ತಡಿಯಪ್ಪ, ದೂರ ಹೋಗೋ ಗಾಡಿ. ಹಬ್ಬಕ್ಕೆ ಹಚ್ಚಿದ್ದು ಹೋಗ್ಬುಟ್ಟದೆ. ಚಕ್ರದ ತಟ್ಟೆಗೆ ವಸಿ ಎಣ್ಣೆ ಸವರಿ ಕಳಿಸ್ತೀನಿ."

"ಬೇಡ ಕಣಮ್ಮ, ಆಮೇಲೆ ಬ್ರೇಕ್ ಹಿಡಿಯಲ್ಲ" ಅಂದುಬಿಟ್ಟೆ. ಏನು ಮಾಡಲಿ? ಎಷ್ಟಾದರೂ ಭಾಮೈದನ ಪ್ರಾಣ.

ಸುಧಾ ಬಟ್ಟಲು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಅಮ್ಮ, "ನಿಮ್ಮಪ್ಪನ ಸೈಕಲ್‌ಗೆ ಮೂವತ್ತು ವರ್ಷ ಎಣ್ಣೆ ಬಿಟ್ಟಿದೀನಿ. ಅವ್ರು ಒಂದಿನಾನೂ ಟೆಂಪೋಗೆ ಗುದ್ಲಿಲ್ಲ" ಅಂತ ಒಳಗೆ ಹೋದರು.

ಸುಧಾ ತಮ್ಮನ ಕೈಯಿಂದ ಕೀ ಇಸಕೊಂಡು ಅವನನ್ನು ಬಸ್ ಸ್ಟ್ಯಾಂಡಿಗೆ ಕಳಿಸಿದಳು. ನಾನು ಖುಷಿಯಿಂದ ಕೈ ಚಾಚಿದೆ. ಕೀ ಬರಲಿಲ್ಲ, ಪ್ರಶ್ನೆ ಬಂತು.

"ಅಮ್ಮನ ಹೆಸ್ರು ಬರಬಾರ್ದು ಅಂತ ಬೈಕನ್ನೇ ಕೊಟ್ಬಿಡೋಕೆ ರೆಡಿ ಇದ್ರಿ. ಸರಿ, ನನಗೋಸ್ಕರ ಏನ್ ಕೊಡ್ತೀರಾ?"

ಎರಡು ವಾರದಿಂದ ಕೆಲಸಕ್ಕೆ ಹೋಗುವ ತುಮಕೂರು ಬಸ್ಸಿನಲ್ಲಿ ನಿಂತುಕೊಂಡು ಉತ್ತರ ಹುಡುಕುತ್ತಿದ್ದೇನೆ.